ಬ್ಯಾಕ್ಟೀರಿಯಾಕ್ಕೆ ಬ್ಯಾಕ್ಟೀರಿಯಾದ್ದೇ ಮದ್ದು

ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿರುತ್ತದೆ. ಮೈ ಗಟ್ಟಿಯಾಗಿರುವಷ್ಟು ದಿನ ಅದರಿಂದ ತೊಂದರೆಯಿಲ್ಲ. ಆಪರೇಷನ್ ಗಾಯವೋ ಡಯಾಲಿಸಿಸ್ ಸೂಜಿಯೋ ದಾರಿ ಮಾಡಿಕೊಟ್ಟರೆ ಮಾತ್ರ ಅದು ರಕ್ತಕ್ಕಿಳಿದು ಜೀವಕ್ಕೆ ಎರವಾಗುತ್ತದೆ. ಹಾಗಾದರೆ ಉಳಿದ ಏಳು ಜನರ ಮೂಗಿನಲ್ಲಿ ಅದು ಯಾಕೆ ನೆಲೆಯೂರುವುದಿಲ್ಲ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಪೆಶೆಲ್ ಮತ್ತು ಸಂಗಡಿಗರು. ಮೂಗಿನಲ್ಲೇ ವಾಸಿಸುವ ಬೇರೆ ಬೇರೆ ಬ್ಯಾಕ್ಟೀರಿಯಾಗಳನ್ನು ಅವರು ಆರಿಯಸ್‌ನ ಎದುರು ಬೆಳೆಸಿ ನೋಡಿದರು. ಅವುಗಳಲ್ಲೊಂದು, ಸ್ಟ್ಯಾಫಿಲೊಕಾಕಸ್ ಲಗ್ಡುನೆನ್ಸಿಸ್, ಇದ್ದ ಕಡೆ ಆರಿಯಸ್ ಬೆಳೆಯಲೇ ಇಲ್ಲ. ಅದು ಉಂಗುರದಾಕಾರದ ಪುಟ್ಟ ಪೆಪ್ಟೈಡ್ ಒಂದನ್ನು ಹೊರಸೂಸಿ ದಾಯಾದಿಯನ್ನು ಕೊಲ್ಲುತ್ತಿತ್ತು. ಸಂಶೋಧಕರು ಅದಕ್ಕೆ ಲಗ್ಡುನಿನ್ ಎಂದು ಹೆಸರಿಟ್ಟು, 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆಸ್ಪತ್ರೆಗೆ ದಾಖಲಾಗಿದ್ದ 187 ರೋಗಿಗಳ ಮೂಗನ್ನು ಪರೀಕ್ಷಿಸಿದಾಗ, ಲಗ್ಡುನೆನ್ಸಿಸ್ ಇಲ್ಲದವರಲ್ಲಿ ಶೇ 34.7 ಮಂದಿಗೆ ಆರಿಯಸ್ ಇತ್ತು. ಲಗ್ಡುನೆನ್ಸಿಸ್ ಇದ್ದವರಲ್ಲಿ ಅದು ಕಂಡದ್ದು ಶೇ 5.9 ಮಂದಿಯಲ್ಲಿ ಮಾತ್ರ.

ಅಂದರೆ ನಾವು ಹೊಸ ಆ್ಯಂಟಿಬಯೋಟಿಕ್‌ಗಾಗಿ ಕಾಡು, ಸಮುದ್ರಗಳನ್ನೆಲ್ಲ ಜಾಲಾಡುತ್ತಿರುವಾಗ, ಅಂಥದೊಂದು ಮದ್ದು ನಮ್ಮ ಉಸಿರಿನ ದಾರಿಯಲ್ಲೇ ತಯಾರಾಗುತ್ತಿತ್ತು. ಅದು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಬಡಿದುಹಾಕುವ ಮದ್ದಲ್ಲ, ಕೆಲವು ಬಗೆಯ ಎದುರಾಳಿಗಳ ಮೇಲೆ ಬೀಳುವಂಥದು. ಆ ಸೀಮಿತ ಗುರಿಯಲ್ಲೇ ಅದರ ನಿಜವಾದ ಬೆಲೆ ಅಡಗಿದೆ. ಔಷಧ ಜಗತ್ತು ಎಪ್ಪತ್ತು ವರ್ಷ ಅದನ್ನು ಕೊರತೆಯೆಂದು ಎಣಿಸಿತು. ಇಂದು ನಾವು ಕಲಿಯಬೇಕಾಗಿರುವುದು ಅದನ್ನೇ.

ಬಡಿಯುವ ಮದ್ದಿನ ಬೆಲೆ

‘ದಿ ಲ್ಯಾನ್ಸೆಟ್’ 2022ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದ ಪ್ರಕಾರ, 2019ರ ಒಂದೇ ವರ್ಷದಲ್ಲಿ ಸುಮಾರು 12.7 ಲಕ್ಷ ಜನರು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತರು. ಇನ್ನೂ ಲಕ್ಷಾಂತರ ಸಾವುಗಳಲ್ಲಿ ಅವುಗಳ ಪಾಲಿತ್ತು. ನಮ್ಮ ಐಸಿಯುಗಳಲ್ಲಿ ದುಡಿಯುವ ವೈದ್ಯರಿಗೆ ಇದು ಅಂಕಿ ಅಂಶದ ಮಾತಲ್ಲ. ಒಂದಾದ ಮೇಲೊಂದು ಔಷಧದ ಮುಂದೆ ‘ರೆಸಿಸ್ಟೆಂಟ್’ ಎಂದು ಬರೆದಿರುವ ಲ್ಯಾಬ್ ವರದಿಯನ್ನು ಕೈಯಲ್ಲಿ ಹಿಡಿದು, ರೋಗಿಯ ಮನೆಯವರಿಗೆ ಏನು ಹೇಳುವುದೆಂದು ತಿಳಿಯದೆ ನಿಲ್ಲುವ ಸಂಕಟ ಅದು.

ಇದಕ್ಕೆ ಕಾರಣಗಳು ಹಲವು. ಬೇಡದ ಕಡೆ ಬರೆದ ಚೀಟಿ, ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡ ಮಾತ್ರೆ, ಕೋಳಿ ಫಾರ್ಮಿನ ಮೇವಿಗೆ ಬೆರೆಸಿದ ಪುಡಿ ಎಲ್ಲವೂ ಸೇರಿವೆ. ಅವುಗಳ ಕೆಳಗೆ ಇನ್ನೂ ಆಳದ ಕಾರಣವೊಂದಿದೆ. ನಾವು ಹೆಚ್ಚು ನೆಚ್ಚಿಕೊಂಡಿರುವ ಆ್ಯಂಟಿಬಯೋಟಿಕ್‌ಗಳು ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಕೊಲ್ಲುತ್ತವೆ. ಹೊಲದ ಕಳೆ ಕೀಳಲು ಇಡೀ ಹೊಲಕ್ಕೆ ಬೆಂಕಿ ಇಟ್ಟ ಹಾಗೆ, ರೋಗದ ಬ್ಯಾಕ್ಟೀರಿಯಾದ ಜೊತೆಗೆ ಕರುಳಿನ, ಚರ್ಮದ, ಬಾಯಿಯ ಒಳ್ಳೆಯ ಬ್ಯಾಕ್ಟೀರಿಯಾಗಳೂ ನಾಶವಾಗುತ್ತವೆ. ಖಾಲಿಯಾದ ಜಾಗವನ್ನು ಮೊದಲು ತುಂಬುವುದು ಔಷಧಕ್ಕೆ ಬಗ್ಗದೆ ಉಳಿದವು.

ಕ್ಲಾಸ್ಟ್ರಿಡಿಯೊಯ್ಡಿಸ್ ಡಿಫಿಸಿಲ್ ಸೋಂಕು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಬೇರಾವುದೋ ಕಾಯಿಲೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾದಾಗ ಇದು ತಲೆಯೆತ್ತಿ, ತೀವ್ರ ಭೇದಿ ಹಚ್ಚಿ, ಕರುಳನ್ನೇ ಹುಣ್ಣಾಗಿಸುತ್ತದೆ. ಅಮೆರಿಕ ಒಂದರಲ್ಲೇ 2011ರಲ್ಲಿ ಸುಮಾರು 4.5 ಲಕ್ಷ ಜನರಿಗೆ ಈ ಸೋಂಕು ತಗುಲಿತ್ತು, 29 ಸಾವಿರ ಮಂದಿ ಸತ್ತಿದ್ದರು. ಇದು ಬಹುಪಾಲು ಚಿಕಿತ್ಸೆಯೇ ಹುಟ್ಟಿಸಿದ ರೋಗ.

ಚೀಸ್ ತೊಟ್ಟಿಯಲ್ಲಿ ಸಿಕ್ಕ ಮದ್ದು

ಬ್ಯಾಕ್ಟೀರಿಯಾಗಳು ಒಂದನ್ನೊಂದು ಗುರಿಯಿಟ್ಟು ಕೊಲ್ಲುತ್ತವೆ ಎಂಬುದು ಹೊಸ ಸಂಗತಿಯಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಾಣುವುದಕ್ಕೆ ಮೂರು ವರ್ಷ ಮೊದಲೇ, 1925ರಲ್ಲಿ, ಬೆಲ್ಜಿಯಂನ ಆಂದ್ರೆ ಗ್ರಾಸಿಯಾ ಒಂದು ವಿಚಿತ್ರವನ್ನು ಗಮನಿಸಿದರು. ಇ. ಕೋಲಿಯ ಒಂದು ತಳಿ ಹೊರಬಿಟ್ಟ ವಸ್ತು ಇ. ಕೋಲಿಯದೇ ಇನ್ನೊಂದು ತಳಿಯನ್ನು ಕೊಲ್ಲುತ್ತಿತ್ತು. ಮುಂದೆ ಅದು ಕೋಲಿಸಿನ್ ಎನಿಸಿಕೊಂಡಿತು. ಇಂಥ ವಸ್ತುಗಳಿಗೆಲ್ಲ ಬ್ಯಾಕ್ಟೀರಿಯೊಸಿನ್ ಎಂಬ ಒಟ್ಟು ಹೆಸರು ಬಂದದ್ದು 1953ರಲ್ಲಿ.

ಇವುಗಳಲ್ಲಿ ಜಗತ್ತಿನ ಬಳಕೆಗೆ ಮೊದಲು ಬಂದದ್ದು ನಿಸಿನ್. 1930ರ ದಶಕದ ಆರಂಭದಲ್ಲಿ ನ್ಯೂಜಿಲೆಂಡ್‌ನ ಚೀಸ್ ತಯಾರಕರಿಗೆ ಒಂದು ತಲೆನೋವು ಕಾಡುತ್ತಿತ್ತು. ಕೆಲವು ದಿನ ಹಾಲಿಗೆ ಹೆಪ್ಪು ಹಾಕಿದರೂ ಹುಳಿಯೇ ಏರುತ್ತಿರಲಿಲ್ಲ. 1933ರಲ್ಲಿ ವೈಟ್‌ಹೆಡ್ ಎಂಬ ವಿಜ್ಞಾನಿ ಕಾರಣ ಹುಡುಕಿದರು. ಹಾಲಿನಲ್ಲಿ ಮೊದಲೇ ಸೇರಿಕೊಂಡಿದ್ದ ಬ್ಯಾಕ್ಟೀರಿಯಾ ಒಂದು, ಹೆಪ್ಪಿನ ಬ್ಯಾಕ್ಟೀರಿಯಾವನ್ನು ತಡೆಯುವ ವಸ್ತುವನ್ನು ಬಿಡುತ್ತಿತ್ತು. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ ಅದಕ್ಕೆ ನಿಸಿನ್ ಎಂದು ಹೆಸರಿಟ್ಟರು. ಹೆಪ್ಪು ಕೆಡಿಸಿದ ಆ ವಸ್ತುವೇ ಚೀಸಿನ ಕಾವಲಿಗೂ ಒದಗಿತು. ಚೀಸಿನೊಳಗೆ ಬೀಜಕಗಳಾಗಿ ಅಡಗಿ, ಆಮೇಲೆ ಮೊಳೆತು, ಗ್ಯಾಸ್ ತುಂಬಿ ಉಬ್ಬಿಸುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳನ್ನು ಅದು ಅಡಗಿಸುತ್ತಿತ್ತು. 1953ರಲ್ಲಿ ಅದು ಇಂಗ್ಲೆಂಡಿನ ಮಾರುಕಟ್ಟೆಗೆ ಬಂತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಅದನ್ನು ಸುರಕ್ಷಿತವೆಂದು ಒಪ್ಪಿತು. ಇಂದು ಅದಕ್ಕೆ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅನುಮತಿಯಿದೆ. ಭಾರತದಲ್ಲೂ ಸಂಸ್ಕರಿಸಿದ ಚೀಸ್‌ನಂಥ ತಿನಿಸುಗಳಲ್ಲಿ ಮಿತಿಯೊಳಗೆ ಅದನ್ನು ಬಳಸಬಹುದು.

ಹೀಗೆ ನಿಸಿನ್ ಅಡುಗೆಮನೆಯ ದಾರಿ ಹಿಡಿಯಿತು, ಪೆನಿಸಿಲಿನ್ ಆಸ್ಪತ್ರೆಯ ದಾರಿ ಹಿಡಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ವೈದ್ಯರಿಗೆ ಬೇಕಿದ್ದದ್ದು ಯಾವ ಬ್ಯಾಕ್ಟೀರಿಯಾ ಎಂದು ಹುಡುಕುತ್ತ ಕೂರದೆ ಕೂಡಲೇ ಕೊಡಬಹುದಾದ ಮದ್ದು. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳಿಂದ 1943ರಲ್ಲಿ ಸ್ಟ್ರೆಪ್ಟೊಮೈಸಿನ್, ಬೆನ್ನಿಗೇ ಟೆಟ್ರಾಸೈಕ್ಲಿನ್ ಕುಟುಂಬ ಬಂದವು. ಆ ಹುಡುಕಾಟದಲ್ಲಿ ಕನ್ನಡ ನಾಡಿನ ಎಂ.ಜೆ. ತಿರುಮಲಾಚಾರ್ ಅವರ ಹೆಸರೂ ಇದೆ. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಅವರ ನೇತೃತ್ವದ ತಂಡ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಬ್ಯಾಕ್ಟೀರಿಯಾದಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತೆಗೆಯಿತು. ಆದ್ದರಿಂದ ‘ಬ್ಯಾಕ್ಟೀರಿಯಾ ತಯಾರಿಸಿದ್ದು’ ಎಂಬುದೊಂದೇ ಹೊಸತನವಲ್ಲ. ನಮ್ಮ ಹಳೆಯ ಮದ್ದುಗಳಲ್ಲಿ ಅನೇಕವು ಬಂದದ್ದೂ ಅಲ್ಲಿಂದಲೇ. ಬ್ಯಾಕ್ಟೀರಿಯೊಸಿನ್‌ಗಳು ಬೇರೆಯಾಗುವುದು ಅವು ತಯಾರಾಗುವ ರೀತಿಯಲ್ಲಿ, ಕೊಲ್ಲುವ ರೀತಿಯಲ್ಲಿ.

ಗುರಿ ಹೇಗೆ ತಿಳಿಯುತ್ತದೆ?

ಸ್ಟ್ರೆಪ್ಟೊಮೈಸಿನ್‌ನಂಥ ಅಣುವನ್ನು ಕಟ್ಟಲು ಬ್ಯಾಕ್ಟೀರಿಯಾದೊಳಗೆ ಸಾಲು ಸಾಲು ಕಿಣ್ವಗಳು ಹಂತ ಹಂತವಾಗಿ ದುಡಿಯಬೇಕು. ಬ್ಯಾಕ್ಟೀರಿಯೊಸಿನ್ ಹಾಗಲ್ಲ. ಅದು ಜೀನಿನಲ್ಲಿ ಬರೆದಿರುವಂತೆಯೇ ರೈಬೋಸೋಮಿನಲ್ಲಿ ಹೆಣೆದು ಬರುವ ಪ್ರೋಟೀನು ಅಥವಾ ಪುಟ್ಟ ಪೆಪ್ಟೈಡ್. ಜೀನಿನ ಒಂದಕ್ಷರ ಬದಲಿಸಿದರೆ ಬೇರೊಂದು ಅಣು ಸಿಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ತಿದ್ದಿ ತೀಡುವುದು ಹಾಗಾಗಿ ಸುಲಭ. ಲಗ್ಡುನಿನ್ ಈ ಕಟ್ಟುನಿಟ್ಟಿನ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದು ಕಿಣ್ವಗಳು ಹೆಣೆದ ಪೆಪ್ಟೈಡ್. ಆದರೆ ಎರಡರ ಪಾತ್ರವೂ ಒಂದೇ, ತನ್ನ ನೆಲೆಗೆ ಪೈಪೋಟಿ ಕೊಡುವ ಹತ್ತಿರದವರನ್ನು ಹೊರಗಿಡುವುದು.

ನಿಸಿನ್ 34 ಅಮೈನೊ ಆಮ್ಲಗಳ ಸರಪಳಿ. ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬೇಕಾದ ಕಚ್ಚಾವಸ್ತುವನ್ನು ಪೊರೆಯಾಚೆಗೆ ಸಾಗಿಸುವುದು ಲಿಪಿಡ್–2 ಎಂಬ ಅಣುವಿನ ಮೂಲಕ. ನಿಸಿನ್ ಈ ಅಣುವನ್ನು ಹಿಡಿದುಕೊಂಡು ಭಿತ್ತಿಯ ಕಟ್ಟಡವನ್ನು ನಿಲ್ಲಿಸುತ್ತದೆ, ಜೊತೆಗೆ ಅದನ್ನೇ ಆಧಾರವಾಗಿಟ್ಟುಕೊಂಡು ಪೊರೆಯಲ್ಲಿ ರಂಧ್ರವನ್ನೂ ಕೊರೆಯುತ್ತದೆ. ಒಂದೇ ಅಣುವಿನಿಂದ ಎರಡು ಪೆಟ್ಟು. ಅದು ಹಿಡಿಯುವ ಭಾಗ ಲಿಪಿಡ್–2ರ ಪೈರೊಫಾಸ್ಫೇಟ್. ಆ ಭಾಗವನ್ನು ಬದಲಿಸಿಕೊಂಡು ಪಾರಾಗುವುದು ಬ್ಯಾಕ್ಟೀರಿಯಾಕ್ಕೆ ಬಲು ಕಷ್ಟ. ಏಳು ದಶಕ ಆಹಾರದಲ್ಲಿ ಬಳಸಿದ ಮೇಲೂ ನಿಸಿನ್‌ಗೆ ವ್ಯಾಪಕ ನಿರೋಧಕತೆ ಹಬ್ಬಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಕೋಲಿಸಿನ್‌ಗಳ ಜಾಣತನ ಬೇರೆ ಬಗೆಯದು. ಇ. ಕೋಲಿಗೆ ಕಬ್ಬಿಣವೂ ವಿಟಮಿನ್ ಬಿ12ವೂ ಬೇಕು. ಅವನ್ನು ಒಳಗೆಳೆಯಲು ತನ್ನ ಹೊರಪೊರೆಯ ಮೇಲೆ ವಿಶೇಷ ಗ್ರಾಹಕಗಳನ್ನು ಇಟ್ಟುಕೊಂಡಿರುತ್ತದೆ. ಕೋಲಿಸಿನ್ ಅದೇ ಗ್ರಾಹಕಗಳನ್ನು ಹಿಡಿದು ಒಳನುಗ್ಗುತ್ತದೆ. ಒಳಗೆ ಹೋದ ಮೇಲೆ ಕೆಲವು ಪೊರೆಯನ್ನು ತೂತು ಮಾಡುತ್ತವೆ, ಕೆಲವು ಡಿಎನ್‌ಎಯನ್ನು ಕತ್ತರಿಸುತ್ತವೆ. ಆ ಗ್ರಾಹಕ ಯಾರ ಮೈಮೇಲೆ ಇಲ್ಲವೋ ಅವರಿಗೆ ಅಪಾಯವಿಲ್ಲ. ಕೋಲಿಸಿನ್ ತಯಾರಿಸುವ ಬ್ಯಾಕ್ಟೀರಿಯಾ ಸ್ವತಃ ಸಾಯುವುದಿಲ್ಲವೇ ಎಂದರೆ, ತನ್ನ ವಿಷಕ್ಕೆ ತಾನೇ ಬಲಿಯಾಗದಂತೆ ಒಂದು ರಕ್ಷಣಾ ಪ್ರೋಟೀನನ್ನೂ ಅದು ಜೊತೆಜೊತೆಗೇ ತಯಾರಿಸಿಕೊಂಡಿರುತ್ತದೆ.

ಕಾರ್ಕ್‌ನ ಕರುಳು, ಡ್ಯುನೆಡಿನ್‌ನ ಗಂಟಲು

ಸೀಮಿತ ಗುರಿಯ ಬಲವನ್ನು ಎತ್ತಿ ತೋರಿಸಿದ ಕೆಲಸಗಳಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರದು ಮುಖ್ಯವಾದುದು. ಮೇರಿ ರೀ, ಪಾಲ್ ರಾಸ್, ಕಾಲಿನ್ ಹಿಲ್ ಮೊದಲಾದವರು ಸಿ. ಡಿಫಿಸಿಲ್ ಅನ್ನು ಕೊಲ್ಲುವ ಬ್ಯಾಕ್ಟೀರಿಯಾವನ್ನು ಮನುಷ್ಯರ ಕರುಳಿನಲ್ಲೇ ಹುಡುಕಿದರು. ಮಲದ ಮಾದರಿಗಳಿಂದ ಬೆಳೆಸಿದ ಸುಮಾರು 30 ಸಾವಿರ ಬ್ಯಾಕ್ಟೀರಿಯಾ ಗುಂಪುಗಳನ್ನು ಜರಡಿ ಹಿಡಿದ ಮೇಲೆ ಸಿಕ್ಕದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್‌ನ ಒಂದು ತಳಿ. ಅದು ಬಿಡುವ ತುರಿಸಿನ್ ಸಿಡಿ ಎಂಬ ಜೋಡಿ ಪೆಪ್ಟೈಡ್‌ಗಳ ಬಗ್ಗೆ ಅವರು 2010ರಲ್ಲಿ ವರದಿ ಮಾಡಿದರು. ದೊಡ್ಡ ಕರುಳಿನ ವಾತಾವರಣವನ್ನು ಹೋಲುವ ಪ್ರಯೋಗದಲ್ಲಿ ಅದು ಸಿ. ಡಿಫಿಸಿಲ್ ಅನ್ನು ಕೊಂದಿತು, ಉಳಿದ ಬ್ಯಾಕ್ಟೀರಿಯಾಗಳ ಸಮತೋಲನವನ್ನು ಹೆಚ್ಚೇನೂ ಕದಡಲಿಲ್ಲ.

ಇದರಿಂದ ರೋಗಿಗೆ ಏನು ಲಾಭ ಎಂಬುದಕ್ಕೆ ಉತ್ತರ ಬೇರೊಂದು ಔಷಧದ ಅನುಭವದಲ್ಲಿದೆ. ಫಿಡಾಕ್ಸೊಮೈಸಿನ್ ಕೂಡ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಅಣುವೇ. ಬ್ಯಾಕ್ಟೀರಿಯೊಸಿನ್ ಅಲ್ಲದಿದ್ದರೂ ಅದರ ಗುರಿ ತೀರ ಕಿರಿದು. 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸಿ. ಡಿಫಿಸಿಲ್ ರೋಗಿಗಳನ್ನು ಗುಣಪಡಿಸುವುದರಲ್ಲಿ ಅದು ಹಳೆಯ ವ್ಯಾಂಕೊಮೈಸಿನ್‌ಗೆ ಸಮನಾಗಿತ್ತು. ಗುಣವಾದ ಮೇಲೆ ರೋಗ ಮರುಕಳಿಸಿದ್ದು ಮಾತ್ರ ವ್ಯಾಂಕೊಮೈಸಿನ್ ಪಡೆದವರಲ್ಲಿ ಶೇ 25.3, ಫಿಡಾಕ್ಸೊಮೈಸಿನ್ ಪಡೆದವರಲ್ಲಿ ಶೇ 15.4. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಉಳಿಸಿದ ಮದ್ದು ರೋಗಿಯನ್ನು ಮತ್ತೆ ಆಸ್ಪತ್ರೆಗೆ ಬರುವುದರಿಂದಲೂ ಉಳಿಸಿತು.

ಇನ್ನೊಂದು ದಾರಿ ಅಣುವನ್ನು ಕೊಡುವ ಬದಲು ಅದನ್ನು ತಯಾರಿಸುವ ಜೀವಂತ ಬ್ಯಾಕ್ಟೀರಿಯಾವನ್ನೇ ಕೊಡುವುದು. ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿರುವ ಒಟಾಗೊ ವಿಶ್ವವಿದ್ಯಾಲಯದ ಜಾನ್ ಟ್ಯಾಗ್ ಇದಕ್ಕೆ ತಮ್ಮ ಜೀವಮಾನವನ್ನೇ ಕೊಟ್ಟವರು. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್‌ನಿಂದ ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು, ವರ್ಷಗಟ್ಟಲೆ ಪೆನಿಸಿಲಿನ್ ನುಂಗಿದವರು ಅವರು. ಕೆಲವು ಮಕ್ಕಳ ಗಂಟಲಿಗೆ ಆ ಬ್ಯಾಕ್ಟೀರಿಯಾ ಯಾಕೆ ಹತ್ತಿರವೇ ಸುಳಿಯುವುದಿಲ್ಲ ಎಂದು ಹುಡುಕುತ್ತ ಹೋಗಿ, ಸಾಲಿವರಿಸಿನ್ ಎಂಬ ಬ್ಯಾಕ್ಟೀರಿಯೊಸಿನ್‌ಗಳನ್ನು ಬಿಡುವ ಸ್ಟ್ರೆಪ್ಟೊಕಾಕಸ್ ಸಾಲಿವೇರಿಯಸ್ ಕೆ12 ತಳಿಯನ್ನು ಅವರು ಗುರುತಿಸಿದರು. ಚೀಪುವ ಮಾತ್ರೆಯಾಗಿ ಅದು ಮಾರಾಟಕ್ಕೂ ಬಂದಿದೆ. ಎಲ್ಲ ಮಕ್ಕಳಲ್ಲೂ ಅದು ಗಂಟಲುನೋವನ್ನು ತಡೆಯುತ್ತದೆ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಇನ್ನೂ ಕೂಡಿಬಂದಿಲ್ಲ. ಆದರೆ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು ನರಳುವ ಮಕ್ಕಳು ಭಾರತದಲ್ಲಿ ಇಂದಿಗೂ ಇರುವಾಗ, ಈ ದಾರಿಯನ್ನು ಬಿಡಲಾಗದು.

ಚರ್ಮದ ಮೇಲೂ ಇದೇ ಪ್ರಯತ್ನ ನಡೆದಿದೆ. ಅಟೋಪಿಕ್ ಎಕ್ಸಿಮಾ ಇರುವವರ ಚರ್ಮದಲ್ಲಿ ಆರಿಯಸ್ ವಿಪರೀತ ಬೆಳೆದು ಉರಿ, ತುರಿಕೆ ಹೆಚ್ಚಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ರಿಚರ್ಡ್ ಗ್ಯಾಲೊ ಅವರ ತಂಡ ಆರೋಗ್ಯವಂತ ಚರ್ಮದಿಂದ ತೆಗೆದ ಸ್ಟ್ಯಾಫಿಲೊಕಾಕಸ್ ಹೊಮಿನಿಸ್‌ನ ತಳಿಯೊಂದನ್ನು ಮುಲಾಮಿನಂತೆ ಹಚ್ಚಿತು. 2021ರಲ್ಲಿ ಪ್ರಕಟವಾದ, 54 ವಯಸ್ಕರನ್ನು ಒಳಗೊಂಡ ಆ ಪ್ರಯೋಗದಲ್ಲಿ ಒಂದೇ ವಾರದಲ್ಲಿ ಆರಿಯಸ್‌ನ ಪ್ರಮಾಣ ಇಳಿಯಿತು.

ಕೊಟ್ಟಿಗೆಯಲ್ಲಿ ಮೊದಲ ಪಾಠ

ಕರ್ನಾಟಕದ ಮಟ್ಟಿಗೆ ಈ ಮದ್ದುಗಳ ಲಾಭ ಮೊದಲು ಕಾಣಬಹುದಾದ ಜಾಗ ಹಸುವಿನ ಕೊಟ್ಟಿಗೆ. ಹಾಲು ಕರೆದು ಡೇರಿಗೆ ಹಾಕಿ ಬದುಕುವ ಮನೆಗಳಿಗೆ ಕೆಚ್ಚಲು ಬಾವು ಎಷ್ಟು ದೊಡ್ಡ ಪೆಟ್ಟೆಂದು ಹೇಳಬೇಕಾಗಿಲ್ಲ. ಮೊಲೆಯ ತೂತಿನ ಮೂಲಕ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸಿದರೆ, ಔಷಧದ ಅಂಶ ಇಳಿಯುವವರೆಗೆ ಹಾಲನ್ನು ಡೇರಿಗೆ ಹಾಕುವಂತಿಲ್ಲ. ದಿನಗೂಲಿಯಂತೆ ಹಾಲಿನ ದುಡ್ಡನ್ನೇ ನೆಚ್ಚಿದವರಿಗೆ ಆ ದಿನಗಳನ್ನು ಕಾಯುವುದು ಕಷ್ಟ. ಕಾಯದೆ ಹಾಕಿದರೆ ಔಷಧದ ಉಳಿಕೆ ಎಲ್ಲರ ಲೋಟಕ್ಕೂ ಬರುತ್ತದೆ.

ನಿಸಿನ್ ಇಲ್ಲಿ ಎರಡು ಕಾರಣಕ್ಕೆ ಹೊಂದುತ್ತದೆ. ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳು ಅದರ ಗುರಿಯೊಳಗೆ ಬರುತ್ತವೆ. ಆಹಾರದಲ್ಲೇ ಒಪ್ಪಿತವಾದ ವಸ್ತುವಾದ್ದರಿಂದ ಹಾಲಿನಲ್ಲಿ ಅದರ ಉಳಿಕೆಯ ಭಯವೂ ಕಡಿಮೆ. ಚೀನಾದ ಸಂಶೋಧಕರು 2007ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬಾವು ಬಂದ ಕೆಚ್ಚಲಿಗೆ ಕೊಟ್ಟ ನಿಸಿನ್ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಸರಿಸಮವಾದ ಗುಣ ತೋರಿತು. ಕರೆಯುವ ಮುನ್ನ ಮೊಲೆಗಳನ್ನು ಒರೆಸುವ, ಅದ್ದುವ ದ್ರಾವಣಗಳಲ್ಲೂ ಅದನ್ನು ಬಳಸಲಾಗಿದೆ. ಬಾಣಂತಿಯರ ಎದೆಬಾವಿಗೂ ಸ್ಪೇನ್‌ನಲ್ಲಿ ಎಂಟು ತಾಯಂದಿರ ಮೇಲೆ ನಡೆದ ಸಣ್ಣ ಪ್ರಯೋಗ ಒಳ್ಳೆಯ ಫಲ ಕೊಟ್ಟಿದೆ.

ನಮ್ಮಲ್ಲಿ ಇದಕ್ಕೆ ಬೇಕಾದ ವಿದ್ಯೆ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಹುದುಗಿಸಿದ ಆಹಾರದ ಬ್ಯಾಕ್ಟೀರಿಯಾಗಳನ್ನೂ ಅವು ಬಿಡುವ ಬ್ಯಾಕ್ಟೀರಿಯೊಸಿನ್‌ಗಳನ್ನೂ ವರ್ಷಗಳಿಂದ ಅಭ್ಯಾಸ ಮಾಡಲಾಗುತ್ತಿದೆ. ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಮುಖ್ಯ ಪಾತ್ರವಿರುವ ಲ್ಯೂಕೊನೊಸ್ಟಾಕ್‌ನ ಹಲವು ತಳಿಗಳು ಬ್ಯಾಕ್ಟೀರಿಯೊಸಿನ್ ತಯಾರಿಸುತ್ತವೆ. ಹಾಗೆಂದು ಇಡ್ಲಿ, ಮೊಸರು ತಿಂದರೆ ಸೋಂಕು ವಾಸಿಯಾಗುತ್ತದೆ ಎಂದು ಯಾರೂ ನಂಬಬಾರದು. ಆಹಾರದಲ್ಲಿರುವ ಪ್ರಮಾಣ ಬೇರೆ, ಚಿಕಿತ್ಸೆಗೆ ಬೇಕಾದ ಶುದ್ಧತೆ ಮತ್ತು ಪ್ರಮಾಣ ಬೇರೆ. ನಮ್ಮ ಹುದುಗಿನ ಮಡಕೆಗಳು ಸಂಶೋಧಕರಿಗೆ ಒಳ್ಳೆಯ ಗಣಿ ಎಂಬುದಷ್ಟೇ ಇಲ್ಲಿನ ಸತ್ಯ.

ದಾರಿಯ ಕಲ್ಲುಗಳು

ಇಷ್ಟು ಗುಣವಿದ್ದರೂ ಈ ಮದ್ದುಗಳು ಆಸ್ಪತ್ರೆಗೆ ಬಂದಿಲ್ಲವೇಕೆ? ಮೊದಲ ಅಡ್ಡಿ ನಮ್ಮ ಹೊಟ್ಟೆಯೇ. ಬ್ಯಾಕ್ಟೀರಿಯೊಸಿನ್ ಪ್ರೋಟೀನಾದ್ದರಿಂದ ಜೀರ್ಣರಸದ ಕಿಣ್ವಗಳು ಅದನ್ನು ಬೇಳೆಯ ಪ್ರೋಟೀನಿನಂತೆಯೇ ಅರಗಿಸಿಬಿಡುತ್ತವೆ. ತುರಿಸಿನ್ ಸಿಡಿ ಜೋಡಿಯಲ್ಲಿ ಒಂದು ಪೆಪ್ಟೈಡ್ ಸಣ್ಣ ಕರುಳಿನಲ್ಲೇ ಮುರಿಯುತ್ತದೆ. ರಕ್ತಕ್ಕೆ ಕೊಡೋಣವೆಂದರೆ ನಿಸಿನ್ ರಕ್ತದಲ್ಲಿ ಬೇಗ ಕರಗಿ ಹೋಗುತ್ತದೆ. ರಕ್ತದಂತೆ ಹುಳಿಯಿಲ್ಲದ ದ್ರವದಲ್ಲಿ ಅದು ಸರಿಯಾಗಿ ಬೆರೆಯುವುದೂ ಇಲ್ಲ. ಹಾಗಾಗಿ ಚರ್ಮ, ಗಂಟಲು, ಕೆಚ್ಚಲು, ಗಾಯಗಳಂಥ ನೇರವಾಗಿ ಹಚ್ಚಬಹುದಾದ ಜಾಗಗಳಲ್ಲೇ ಇವಕ್ಕೆ ಮೊದಲ ಗೆಲುವು ಸಿಗುವ ಸಂಭವ ಹೆಚ್ಚು.

ಎರಡನೆಯದು ಗ್ರಾಂ–ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆ. ನಮ್ಮ ಆಸ್ಪತ್ರೆಗಳನ್ನು ಹೆಚ್ಚು ಕಾಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳಿಗೆ ಈ ಎರಡನೇ ಪೊರೆಯೇ ರಕ್ಷೆ. ನಿಸಿನ್ ಅದನ್ನು ದಾಟಲಾರದು. ಅಮೆರಿಕದ ಬಾಸ್ಟನ್‌ನ ಕಿಮ್ ಲೂಯಿಸ್ ಮತ್ತು ಸಂಗಡಿಗರು 2015ರಲ್ಲಿ ಮೇನ್ ರಾಜ್ಯದ ಹುಲ್ಲುಗಾವಲಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಟೀಕ್ಸೊಬ್ಯಾಕ್ಟಿನ್ ಕೂಡ ದಾಟಲಾರದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದ ಬ್ಯಾಕ್ಟೀರಿಯಾಗಳನ್ನು ಮಣ್ಣಿನೊಳಗೇ ಬೆಳೆಸುವ ಐಚಿಪ್ ಎಂಬ ಸಾಧನದಿಂದ ಸಿಕ್ಕ ಅಣು ಅದು. ಹತ್ತು ವರ್ಷ ಕಳೆದರೂ ಅದು ಔಷಧದ ಅಂಗಡಿಗೆ ಬಂದಿಲ್ಲ. 2019ರಲ್ಲಿ ಅದೇ ಗುಂಪು, ದುಂಡುಹುಳುಗಳ ಕರುಳಿನಲ್ಲಿ ಬಾಳುವ ಫೋಟೊರಾಬ್ಡಸ್ ಬ್ಯಾಕ್ಟೀರಿಯಾದಿಂದ ಡ್ಯಾರೊಬ್ಯಾಕ್ಟಿನ್ ಅನ್ನು ಕಂಡುಹಿಡಿಯಿತು. ಅದು ಹೊರಪೊರೆಯನ್ನು ದಾಟುವ ಕಷ್ಟವನ್ನೇ ತಪ್ಪಿಸಿ, ಆ ಪೊರೆ ಕಟ್ಟುವ ಬಾಮ್–ಎ ಎಂಬ ಪ್ರೋಟೀನಿಗೆ ಹೊರಗಿನಿಂದಲೇ ಅಂಟಿಕೊಳ್ಳುತ್ತದೆ. ಗ್ರಾಂ–ನೆಗೆಟಿವ್ ವೈರಿಗಳ ವಿರುದ್ಧ ಭರವಸೆಯ ದಾರಿ ಇದು.

ಮೂರನೆಯದು ದುಡ್ಡು. ಹೊಸ ಆ್ಯಂಟಿಬಯೋಟಿಕ್ ಅನ್ನು ಜೋಪಾನವಾಗಿ, ಕಡಿಮೆ ಬಳಸಬೇಕು. ಕಡಿಮೆ ಬಳಸಿದರೆ ಕಂಪನಿಗೆ ಲಾಭವಿಲ್ಲ. ಅಮೆರಿಕದ ಅಕಾವೊಜೆನ್ ಕಂಪನಿಯ ಹೊಸ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿಯೆದ್ದಿತು. ಸಾವಿರಾರು ರೋಗಿಗಳಿಗಲ್ಲ, ನಿರ್ದಿಷ್ಟ ಬ್ಯಾಕ್ಟೀರಿಯಾ ಇರುವ ಕೆಲವರಿಗೆ ಮಾತ್ರ ಬೇಕಾದ ಮದ್ದಿನ ಪಾಡು ಇನ್ನೂ ಕಷ್ಟ. ಸರ್ಕಾರಗಳು ಮಾರಾಟದ ಲೆಕ್ಕ ಹಿಡಿಯದೆ, ಮದ್ದು ಕೈಗೆ ಸಿಗುವಂತಿರುವುದಕ್ಕೇ ಹಣ ಕೊಡದಿದ್ದರೆ ಇವು ಪ್ರಯೋಗಾಲಯದಲ್ಲೇ ಉಳಿಯುತ್ತವೆ.

ಮದ್ದಿಗಿಂತ ಮೊದಲು ಪರೀಕ್ಷೆ

ಒಂದು ಹಳೆಯ ಪಾಠವನ್ನು ಇಲ್ಲಿ ಮರೆಯಬಾರದು. ಕೊಲಿಸ್ಟಿನ್ ಕೂಡ ಬ್ಯಾಕ್ಟೀರಿಯಾ ತಯಾರಿಸುವ ಪೆಪ್ಟೈಡೇ. ಕಿಡ್ನಿಗೆ ಕೆಡುಕೆಂದು ವೈದ್ಯರು ಅದನ್ನು ಬದಿಗಿಟ್ಟಿದ್ದರು. ಬೇರಾವುದೂ ನಾಟದಾದಾಗ ಕೊನೆಯ ಆಸರೆಯಾಗಿ ಮತ್ತೆ ಕೈಗೆತ್ತಿಕೊಂಡರು. ಆ ಹೊತ್ತಿಗಾಗಲೇ ಕೋಳಿ, ಹಂದಿಗಳ ಮೇವಿನಲ್ಲಿ ಅದನ್ನು ಧಾರಾಳವಾಗಿ ಸುರಿಯಲಾಗುತ್ತಿತ್ತು. 2015ರಲ್ಲಿ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಕೊಲಿಸ್ಟಿನ್ ನಿರೋಧಕ ಜೀನ್ ಎಂಸಿಆರ್–1 ಚೀನಾದಲ್ಲಿ ಪತ್ತೆಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ನಿಷೇಧಿಸಿದ್ದು 2019ರಲ್ಲಿ. ಬ್ಯಾಕ್ಟೀರಿಯಾದಿಂದ ಬಂದದ್ದು, ಪೆಪ್ಟೈಡ್, ನೈಸರ್ಗಿಕ ಎಂಬ ಯಾವ ಹಣೆಪಟ್ಟಿಯೂ ಆ ಮದ್ದನ್ನು ಕಾಪಾಡಲಿಲ್ಲ. ನಿಸಿನ್ ಅನ್ನು ತುಂಡರಿಸುವ ಪ್ರೋಟೀನಿರುವ ಬ್ಯಾಕ್ಟೀರಿಯಾಗಳೂ ಈಗಾಗಲೇ ಇವೆ. ನಾಳೆ ಬ್ಯಾಕ್ಟೀರಿಯೊಸಿನ್‌ಗಳನ್ನೂ ಮೇವಿಗೆ ಬೆರೆಸಿದರೆ, ಅಂದಾಜಿನ ಮೇಲೆ ಎಲ್ಲರಿಗೂ ಬರೆದುಕೊಟ್ಟರೆ, ಅವೂ ಅದೇ ದಾರಿ ಹಿಡಿಯುತ್ತವೆ.

ಗುರಿಯಿಟ್ಟು ಕೊಲ್ಲುವ ಮದ್ದನ್ನು ಬಳಸಬೇಕಾದರೆ ಗುರಿ ಯಾವುದೆಂದು ಮೊದಲು ಗೊತ್ತಿರಬೇಕು. ಜ್ವರ ಬಂದ ಮಗುವಿನ ಗಂಟಲಲ್ಲಿರುವುದು ವೈರಸ್ಸೋ ಸ್ಟ್ರೆಪ್ಟೊಕಾಕಸ್ಸೋ, ಹಸುವಿನ ಕೆಚ್ಚಲಲ್ಲಿರುವುದು ಆರಿಯಸ್ಸೋ ಇ. ಕೋಲಿಯೋ ಎಂಬುದು ತಿಳಿಯದೆ ಇಂಥ ಮದ್ದು ಕೊಡುವುದು ವ್ಯರ್ಥ. ಇಂದು ನಮ್ಮಲ್ಲಿ ಅನೇಕ ಕಡೆ ಕಲ್ಚರ್ ಟೆಸ್ಟ್ ಮಾಡಿಸಲು ಜಿಲ್ಲಾ ಕೇಂದ್ರಕ್ಕೋ ದೊಡ್ಡ ಆಸ್ಪತ್ರೆಗೋ ಹೋಗಬೇಕು. ವರದಿ ಬರುವ ಹೊತ್ತಿಗೆ ರೋಗಿ ಎರಡು ಮೂರು ಬಗೆಯ ಆ್ಯಂಟಿಬಯೋಟಿಕ್ ನುಂಗಿ ಮುಗಿಸಿರುತ್ತಾರೆ. ಮಾತ್ರೆಯ ಪಟ್ಟಿಯ ಮೇಲಿನ ಎಚ್ಚರಿಕೆಯ ಕೆಂಪು ಗೆರೆ, ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ ತಡೆಯುವ, 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್–1 ನಿಯಮ ಒಳ್ಳೆಯ ಹೆಜ್ಜೆಗಳೇ. ಆದರೆ ಚೀಟಿ ಬರೆಯುವ ವೈದ್ಯರ ಕೈಯಲ್ಲಿ ವರದಿಯೇ ಇಲ್ಲದಿದ್ದರೆ ನಿಯಮವೊಂದೇ ಏನು ಮಾಡೀತು?

ಆದ್ದರಿಂದ ಲಗ್ಡುನಿನ್, ನಿಸಿನ್, ತುರಿಸಿನ್‌ಗಳ ಕಥೆ ನಮಗೆ ಹೇಳುವುದು ಹೊಸ ಅಣುಗಳ ವಿಷಯವನ್ನಷ್ಟೇ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೂ ಪಶು ಚಿಕಿತ್ಸಾಲಯದಲ್ಲೂ ಗಂಟೆಗಳೊಳಗೆ ಬ್ಯಾಕ್ಟೀರಿಯಾ ಗುರುತಿಸುವ ಲ್ಯಾಬ್ ಬೇಕು, ಅದನ್ನು ನಡೆಸುವ ತರಬೇತಾದ ತಂತ್ರಜ್ಞರು ಬೇಕು, ಆ ವರದಿಗಾಗಿ ಕಾಯುವ ತಾಳ್ಮೆ ವೈದ್ಯರಿಗೂ ರೋಗಿಗಳಿಗೂ ಬೇಕು. ಈ ಖರ್ಚು ವ್ಯರ್ಥವಾಗದು. ಹೊಸ ಮದ್ದುಗಳು ಬರುವುದು ತಡವಾದರೂ, ಇಂದು ಕೈಯಲ್ಲಿರುವ ಆ್ಯಂಟಿಬಯೋಟಿಕ್‌ಗಳ ಆಯುಷ್ಯವನ್ನು ಅದೇ ಲ್ಯಾಬ್‌ಗಳು ಹೆಚ್ಚಿಸುತ್ತವೆ. ಹೊಸವು ಬಂದ ದಿನ ಅವನ್ನು ಸರಿಯಾಗಿ ಬಳಸುವ ಅರ್ಹತೆಯೂ ನಮಗೆ ಬಂದಿರುತ್ತದೆ.